ಹೆಸರಿನ ಎಡಕ್ಕೆ ಬರೆಯುವ ಅಂಕಿ

ನಮ್ಮ ಅಡುಗೆಮನೆಯ ಉಪ್ಪಿನ ಡಬ್ಬಿಯ ಮೇಲೆ ಒಂದು ಚೀಟಿ ಅಂಟಿದೆ. ನಡುವೆ ಇಂಗ್ಲಿಷಿನ 'ಐ' ಅಕ್ಷರ ದಪ್ಪಗೆ ನಿಂತಿದೆ. ಅದರ ಎಡಕ್ಕೆ, ಮೇಲೊಂದು ಪುಟ್ಟ ಅಂಕಿ, 127. ಕೆಳಗೊಂದು ಪುಟ್ಟ ಅಂಕಿ, 53. ಸಕ್ಕರೆ ಕೇಳಲು ಬಂದ ಪಕ್ಕದ ಮನೆಯ ಶರಣಮ್ಮ ಅದನ್ನು ನೋಡಿ ದಂಗಾದಳು. "ಟೀಚರ್, ಉಪ್ಪಿಗೂ ಯಂತ್ರ ಬರಸೀರೇನ್ರಿ? ಯಾರ ಕಣ್ಣು ಬಿದ್ದಿತ್ತು ಇದಕ್ಕ?" ಎಂದು ಕೇಳಿದಳು. ಹೌದೆಂದುಬಿಟ್ಟೆ. ಅಲ್ಲವೆಂದಿದ್ದರೆ ಒಲೆಯ ಮೇಲಿನ ಹಾಲು ಉಕ್ಕುವವರೆಗೆ ಪಾಠ ಮಾಡುತ್ತಿದ್ದೆ. ನನಗೆ ಆ ಚಟ ಇರುವುದು ಶರಣಮ್ಮನಿಗೂ ಗೊತ್ತಿದ್ದರಿಂದ ಆಕೆಯೂ ಹೆಚ್ಚು ಕೇಳದೆ ಸಕ್ಕರೆ ತೆಗೆದುಕೊಂಡು ಹೋದಳು.

ನಿಮಗೆ ಮಾತ್ರ ನಿಜ ಹೇಳುತ್ತೇನೆ. ಅದು ಅಯೋಡಿನ್ನಿನ ಸಂಕೇತ. ಹೋದ ವರ್ಷ ಅವ್ವನ ಊಟಕ್ಕೆ ಈ ಉಪ್ಪು ಬೀಳಬಾರದಾಗಿತ್ತು. ಗುರುತಿಗಿರಲಿ ಎಂದು ನಾನೇ ಅಂಟಿಸಿದ್ದು. ಈಗ ಅದರ ಕೆಲಸ ಮುಗಿದಿದೆ, ಆದರೂ ಕಿತ್ತಿಲ್ಲ. ಕೀಳಬ್ಯಾಡ, ಇರ್ಲಿ ಎಂದು ಅವ್ವನೇ ಅಂದಿದ್ದಾಳೆ.

ನಾನು ಶಹಾಪುರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ವಿಜ್ಞಾನ ಎಂದೊಡನೆ ಪುಟ ಮಗುಚಬೇಡಿ, ಇದು ಪರೀಕ್ಷೆಗೆ ಬರುವುದಿಲ್ಲ. ನೀರಿನ ಸಂಕೇತ ಕಲಿತ ಮಕ್ಕಳಿಗೆ ಅಂಕಿ ಎಂದರೆ ಅಕ್ಷರದ ಬಲಗಡೆ, ಕೆಳಗೆ, ಅಷ್ಟೇ. ಐಸೋಟೋಪಿನ ಪಾಠ ಬಂದಾಗ ಅಂಕಿಯನ್ನು ಎಡಕ್ಕೆ ಬರೆಯಿರಿ ಎಂದರೆ, ಎಡಗೈಲಿ ಊಟ ಮಾಡಿ ಎಂದಷ್ಟು ಮುಜುಗರಪಡುತ್ತಾರೆ. "ಬಲಗಡಿ ಅಂಕಿ ಎಷ್ಟು ಮಂದಿ ಬಂದಾರ ಅಂತ ಹೇಳ್ತದ. ಎಡಗಡಿ ಅಂಕಿ, ಬಂದವ ಯಾರು, ಏನು ಹೊತ್ಕೊಂಡು ಬಂದಾನ ಅಂತ ಹೇಳ್ತದ" ಎಂದು ನಾನು ವರ್ಷವೂ ಹೇಳುತ್ತೇನೆ. ಮಕ್ಕಳು ವರ್ಷವೂ ಬಲಕ್ಕೇ ಬರೆಯುತ್ತಾರೆ.

ಈ ಮಾತು ನನ್ನದಲ್ಲ. ನಮಗೆ ವಿಜ್ಞಾನ ಕಲಿಸಿದ ಮಾನಪ್ಪ ಸರ್ ಅವರದು. ನಮ್ಮ ತರಗತಿಯಲ್ಲಿ ಮೂವರು ಹಣಮಂತರಿದ್ದರು. ನಮ್ಮ ಕಡೆ ಯಾವ ತರಗತಿಯಲ್ಲಿ ಇರುವುದಿಲ್ಲ ಹೇಳಿ. ಸರ್ ಒಂದು ದಿನ ಮೂವರನ್ನೂ ಮುಂದಕ್ಕೆ ಕರೆದು, ಒಬ್ಬೊಬ್ಬರ ಹಣೆಗೂ ಸೀಮೆಸುಣ್ಣದಲ್ಲಿ ಒಂದೊಂದು ಬೊಟ್ಟಿಟ್ಟರು. "ಇದು ಪ್ರೋಟಾನು. ಮೂವರಿಗೂ ಒಂದೇ. ಅದಕ್ಕೇ ಮೂವರ ಹೆಸರೂ ಒಂದೇ, ಹೈಡ್ರೋಜನ್." ಹೊರಗೆ ಹೊಸ ಕೋಣೆ ಕಟ್ಟಲು ಇಟ್ಟಂಗಿ ಒಟ್ಟಿದ್ದರು. ಅಲ್ಲಿಂದ ಮೂರು ತರಿಸಿದರು. ಮೊದಲನೆಯ ಹಣಮಂತ ಬರಿಗೈ. ಎರಡನೆಯವನ ಕೈಗೆ ಒಂದು ಇಟ್ಟಂಗಿ, ಮೂರನೆಯವನಿಗೆ ಎರಡು. "ಇಟ್ಟಂಗಿ ಅಂದ್ರ ನ್ಯೂಟ್ರಾನು. ಹೊರಿ ಬ್ಯಾರೆ ಆತು, ಹೆಸರು ಬದಲಾತೇನು? ಇಲ್ಲ. ಕೆಳಗಿನ ಅಂಕಿ ಹೆಸರು ಕೊಡ್ತದ, ಮ್ಯಾಲಿನ ಅಂಕಿ ಹೊರಿ ಹೇಳ್ತದ" ಎಂದರು. ಆಮೇಲೆ ಸರ್ ಬೋರ್ಡಿನ ಕಡೆ ತಿರುಗಿ ಬರೆಯುತ್ತ ನಿಂತರು, ಇಟ್ಟಂಗಿ ಹೊತ್ತವರನ್ನು ಮರೆತೇಬಿಟ್ಟರು. ಸ್ವಲ್ಪ ಹೊತ್ತಿಗೆ ಮೂರನೆಯ ಹಣಮಂತನ ಕೈಯಿಂದ ಒಂದು ಇಟ್ಟಂಗಿ ಧೊಪ್ಪನೆ ಬಿತ್ತು. ಸರ್ ತಿರುಗಿ ನೋಡಿ, ಬೈಯಲಿಲ್ಲ. "ಬರೋಬ್ಬರಿ ಮಾಡಿದಿ. ಹೊರಿ ಹೆಚ್ಚಾದವ ಎಂದಾರ ಒಂದಿನ ಚೆಲ್ಲಬೇಕು. ಇದಕ್ಕೇ ವಿಕಿರಣ ಅಂತಾರ" ಎಂದರು. ಆ ಪಾಠವನ್ನು ನಾವು ಯಾರೂ ಮರೆತಿಲ್ಲ, ಆ ಹಣಮಂತನ ಹೆಬ್ಬೆರಳೂ ಮರೆತಿರಲಿಕ್ಕಿಲ್ಲ.

ನನಗೆ ಆ ದಿನ ಪಾಠ ಬೇರೆಯದೇ ಜಾಗಕ್ಕೆ ತಾಕಿತು. ಏಕೆಂದರೆ ನಮ್ಮ ಮನೆಯಲ್ಲೂ ಒಂದೇ ಹೆಸರಿನವರು ಇಬ್ಬರಿದ್ದರು. ಅಪ್ಪನ ಅವ್ವ, ಅಂದರೆ ನಮ್ಮ ಆಯಿ, ನೀಲಮ್ಮ. ನಾನೂ ನೀಲಮ್ಮ. ಹಿರಿಯರ ಹೆಸರು ಉಳಿಯಲೆಂದು ನನಗಿಟ್ಟರು. ಹೆಸರಿಟ್ಟ ದಿನ ಎಲ್ಲರಿಗೂ ಸಂತೋಷ. ಅವ್ವನಿಗೂ ಸಂತೋಷವೇ, ಆದರೆ ಅವಳಿಗೆ ಆ ಹೆಸರನ್ನು ಬಾಯಿಬಿಟ್ಟು ಅನ್ನುವ ಹಾಗಿಲ್ಲ. ಸೊಸೆಯಾದವಳು ಅತ್ತೆಯ ಹೆಸರು ಹಿಡಿಯುವುದುಂಟೆ? ಹಾಗಾಗಿ ಊರೆಲ್ಲ ನನ್ನನ್ನು ನೀಲಮ್ಮ ಎಂದು ಕರೆಯಿತು, ಹೆತ್ತವಳೊಬ್ಬಳನ್ನು ಬಿಟ್ಟು. ಅವಳಿಗೆ ನಾನು 'ಸಣ್ಣಾಕಿ'.

ಅತ್ತೆಯ ಹೆಸರು ಅಂದರೆ ಬರೀ ಅತ್ತೆಯ ಹೆಸರಲ್ಲ, ಅದರ ಸುತ್ತಲಿನ ಬೇಲಿಯೂ ಸೇರಿ. ಅವ್ವ 'ನೀಲಿ' ಎಂಬ ಬಣ್ಣವನ್ನೂ ಅನ್ನುತ್ತಿರಲಿಲ್ಲ. ನೀಲಿ ಸೀರೆ ಅವಳ ಬಾಯಲ್ಲಿ ಮುಗಿಲ ಬಣ್ಣದ ಸೀರೆ. ಬಿಳಿ ಬಟ್ಟೆಗೆ ಹಾಕುವ ನೀಲಿ ಮುಗಿದಾಗ, "ಅರಿಬಿಗೆ ಹಾಕೋ ಮುಗಿಲು ಒಂದು ಪುಡಿ ಕೊಡ್ರಿ" ಎಂದು ಕಿರಾಣಿ ಅಂಗಡಿಯಲ್ಲಿ ಕೇಳುತ್ತಿದ್ದಳು. ಅಂಗಡಿಯವನೂ ನಗದೆ ಮುಗಿಲನ್ನು ಕಾಗದದಲ್ಲಿ ಕಟ್ಟಿ ಕೊಡುತ್ತಿದ್ದ. ಅವನ ಹೆಂಡತಿಗೂ ಅನ್ನಬಾರದ ಹೆಸರುಗಳು ಇದ್ದವಲ್ಲ.

ಅವ್ವ ಏಳನೇ ತರಗತಿವರೆಗೆ ಓದಿದವಳು. ಪರೀಕ್ಷೆ ಬಂದರೆ ಪುಸ್ತಕ ಹಿಡಿದು ನನಗೆ ಪ್ರಶ್ನೆ ಕೇಳುತ್ತಿದ್ದಳು. "ಮುಗಿಲ ಬಣ್ಣದ ಲಿಟ್ಮಸ್ ಕಾಗದ ಹುಳಿಯೊಳಗ ಅದ್ದಿದ್ರ ಏನಾಗ್ತದ?" "ಕೆಂಪಾಗ್ತದ." ಹೀಗೆ ಬಾಯಿಪಾಠ ಮಾಡಿದ ನಾನು ಪರೀಕ್ಷೆಯಲ್ಲಿ ಏನು ಬರೆದೆನೆಂದು ನೀವೇ ಊಹಿಸಿ. ಮಾನಪ್ಪ ಸರ್ 'ಮುಗಿಲ ಬಣ್ಣದ ಲಿಟ್ಮಸ್' ಎಂಬುದರ ಕೆಳಗೆ ಕೆಂಪು ಗೆರೆ ಎಳೆದು ನನ್ನನ್ನು ಕರೆದರು. ನಾನು ತಲೆ ತಗ್ಗಿಸಿ ಕಾರಣ ಹೇಳಿದೆ. ತರಗತಿ ಬಿದ್ದು ಬಿದ್ದು ನಕ್ಕಿತು. ಸರ್ ಮಾತ್ರ, "ಉತ್ತರ ಸರಿ ಅದ, ಅತ್ತಿ ಮರ್ಯಾದಿನೂ ಉಳದದ" ಎಂದು ಪೂರ್ತಿ ಅಂಕ ಕೊಟ್ಟರು.

ನಗು ಬಂದರೂ, ಒಳಗೊಳಗೆ ನನಗೆ ಅದೊಂದು ಕೊರಗೇ ಆಗಿತ್ತು. ಓಣಿಯ ಹುಡುಗಿಯರನ್ನೆಲ್ಲ ಅವರವರ ಅವ್ವಂದಿರು ಹೊತ್ತು ಮುಳುಗುವಾಗ ಹೆಸರು ಹಿಡಿದು ಕೂಗುತ್ತಿದ್ದರು. "ಸಾಬವ್ವಾ," "ಭಾಗ್ಯಾ," ಎಂದು ರಾಗ ಎಳೆದು ಕರೆಯುವುದನ್ನು ಕೇಳಿದರೆ ನನಗೆ ಹೊಟ್ಟೆಕಿಚ್ಚು. ಅವ್ವನ ಬಾಯಿಂದ ಒಮ್ಮೆ, ಒಂದೇ ಒಮ್ಮೆ, ನನ್ನ ಹೆಸರು ಕೇಳಬೇಕು ಎಂದು ನನ್ನ ಹಟ. ಒಂದು ಸಲ ಜೋಳದ ಚೀಲಗಳ ಹಿಂದೆ ಅಡಗಿ ಕೂತೆ. ಗಾಬರಿಯಾದರೆ ಬಾಯಿ ತಪ್ಪಿಯಾದರೂ ಕರೆಯುತ್ತಾಳೆ ಎಂಬ ಲೆಕ್ಕ. ಅವ್ವ ಮನೆಯೆಲ್ಲ ಹುಡುಕಿದಳು, ಹಿತ್ತಲಿಗೆ ಹೋಗಿ ಬಂದಳು, ಆಮೇಲೆ ಒಲೆಯ ಮುಂದೆ ಕೂತು ಹಪ್ಪಳ ಕರಿಯತೊಡಗಿದಳು. ವಾಸನೆಗೆ ನಾನೇ ಎದ್ದು ಬಂದೆ. ನನ್ನ ಹಟದ ಬೆಲೆ ಎರಡು ಹಪ್ಪಳ ಎಂದು ಆ ದಿನ ಇಬ್ಬರಿಗೂ ತಿಳಿಯಿತು.

ಇನ್ನೊಂದು ಸಲ ನಿಜವಾಗಿಯೇ ಕಳೆದುಹೋದೆ. ಯಾದಗಿರಿ ಬಸ್‌ಸ್ಟ್ಯಾಂಡಿನಲ್ಲಿ ಅವ್ವ ಬಾಳೆಹಣ್ಣು ಕೊಳ್ಳುತ್ತಿದ್ದಾಗ, ಅವಳದೇ ಬಣ್ಣದ ಸೀರೆ ಉಟ್ಟ ಯಾರದೋ ಸೆರಗು ಹಿಡಿದು ನಡೆದುಬಿಟ್ಟೆ. ಅವ್ವ ಅಳುತ್ತ ಕಂಟ್ರೋಲರನ ಖೋಲಿಗೆ ಹೋದಳಂತೆ. ಅಲ್ಲಿ ನಡೆದ ಮಾತನ್ನು ಅವಳೇ ಎಷ್ಟೋ ಸಲ ಹೇಳಿದ್ದಾಳೆ.

"ಹುಡುಗಿ ಹೆಸರೇನ್ರಿ? ಮೈಕಿನಾಗ ಕರೀತೀನಿ."

"ಅವರ ಆಯಿ ಹೆಸರೇ ಇಟ್ಟೀವ್ರಿ."

"ಆಯಿ ಹೆಸರೇನು?"

"ಅದನ್ನ ನಾ ಹ್ಯಾಂಗ ಹೇಳ್ಲಿ ಸಾಹೇಬ್ರ, ಅವರು ನಮ್ಮತ್ತಿ."

ಕಂಟ್ರೋಲರ್ ಇಲ್ಲಿಯವನೇ. ಸಿಟ್ಟಾಗಲಿಲ್ಲ. ಮನೆಯಲ್ಲಿ ಏನೆಂದು ಕರೆಯುತ್ತೀರಿ ಎಂದು ಕೇಳಿ, ವಡಗೇರಾ ಬಸ್ಸಿನ ಸುದ್ದಿ ಹೇಳುತ್ತ ಹೇಳುತ್ತ ಅದೇ ದನಿಯಲ್ಲಿ, "ಸಣ್ಣಾಕಿ ಎಲ್ಲಿದ್ದರೂ ಕಂಟ್ರೋಲರ್ ಖೋಲಿ ಹತ್ತಿರ ಬರಬೇಕು" ಎಂದು ಕೂಗಿದ. ಬಸ್‌ಸ್ಟ್ಯಾಂಡಿನ ಸಣ್ಣಾಕಿಯರೆಲ್ಲ ಬಂದರು. ಯಾರು ಯಾರ ಮನೆಯ ಕೊನೆಯ ಮಗಳೋ, ಎಲ್ಲರೂ. ಒಬ್ಬ ಮುದುಕಿಯೂ ಕೋಲೂರಿಕೊಂಡು ಬಂದು, "ಯಾರಪಾ ಕರದವ್ರು?" ಎಂದು ಕೇಳಿದಳಂತೆ. ಆ ಗುಂಪಿನಲ್ಲಿ ಮೂಗು ಸುರಿಸುತ್ತ ನಾನೂ ಇದ್ದೆ. ಅವ್ವ ನನ್ನನ್ನು ಎತ್ತಿಕೊಂಡು ಬಸ್ಸು ಏರುವವರೆಗೂ ಕೆಳಗಿಳಿಸಲಿಲ್ಲ.

ಮನೆಗೆ ಬಂದು ಈ ಕಥೆ ಕೇಳಿದ ಆಯಿ ನಗಲಿಲ್ಲ, ರೇಗಿದಳು. "ಹುಚ್ಚಿ, ಕೂಸು ಕಳದ್ರೂ ಹೆಸರು ಹೇಳಲಿಲ್ಲಂದ್ರ ಏನಂತೀಯ? ನೀ ನನ್ನ ಹೆಸರು ಹಿಡಿದ್ರ ನಾ ಕರಗಿ ಹೋಗ್ತೀನೇನು? ಇವತ್ತಿಂದ ಹೆಸರು ಹಿಡಿದೇ ಕರಿ. ನಾ ಹೇಳಾಕತ್ತೀನಿ."

ಅವ್ವ ಸೆರಗಿನ ತುದಿ ಬೆರಳಿಗೆ ಸುತ್ತುತ್ತ ನಿಂತಿದ್ದಳು. "ನಾಲಿಗಿ ಹೊಳ್ಳಂಗಿಲ್ರಿ ಅತ್ಯಾರ" ಎಂದಳು.

ಇದು ಹೆದರಿಕೆಯಲ್ಲ, ಅಷ್ಟು ನನಗೆ ದೊಡ್ಡವಳಾದ ಮೇಲೆ ತಿಳಿಯಿತು. ಅವ್ವ ತಾಯಿಯಿಲ್ಲದ ಮಗಳು, ಸುರಪುರದಿಂದ ಮದುವೆಯಾಗಿ ಬಂದವಳು. ಬಂದ ಹೊಸತರಲ್ಲಿ ದಿನವೂ ಅಳುತ್ತಿದ್ದವಳನ್ನು ಆಯಿ ಎದುರಿಗೆ ಕೂಡಿಸಿಕೊಂಡು, ತಲೆಗೆ ಎಣ್ಣೆ ಹಚ್ಚಿ, ಜಡೆ ಹೆಣೆದು, ಅಳು ನಿಲ್ಲುವವರೆಗೂ ಊರ ಸುದ್ದಿ ಹೇಳುತ್ತಿದ್ದಳಂತೆ. ಅಂಥ ಅತ್ತೆಗೆ ಕೊಡಲು ಅವ್ವನ ಹತ್ತಿರ ಬೇರೇನಿತ್ತು? ಹೆಸರು ಹಿಡಿಯದಿರುವ ಮರ್ಯಾದೆಯೊಂದಿತ್ತು, ಅದನ್ನು ಅಚ್ಚುಕಟ್ಟಾಗಿ ಕೊಟ್ಟಳು. ಆಯಿ ತೀರಿಕೊಂಡ ಮೇಲಾದರೂ ಬೇಲಿ ಸಡಿಲವಾದೀತು ಎಂದು ನಾನು ನಾಚಿಕೆಯಿಲ್ಲದೆ ಕಾದೆ. ಒಮ್ಮೆ ಕೇಳಿಯೂ ಕೇಳಿದೆ. "ಇದ್ದಾಗ ಹಿಡೀಲಿಲ್ಲ, ಹೋದ ಮ್ಯಾಲ ಹಿಡೀಲೇನು?" ಎಂದು ಒಂದೇ ಮಾತಲ್ಲಿ ಮುಗಿಸಿದಳು. ಆಮೇಲೆ ನನಗೆ ಮದುವೆಯಾಯಿತು, ನೌಕರಿಯಾಯಿತು, ತಲೆಯಲ್ಲಿ ಬಿಳಿಗೂದಲೂ ಬಂತು. ಆದರೂ ನಾನು ಸಣ್ಣಾಕಿಯೇ.

ಹೋದ ವರ್ಷ ಅವ್ವನ ಗಂಟಲಲ್ಲಿ ಒಂದು ಗಂಟು ಕಾಣಿಸಿತು. ಥೈರಾಯ್ಡ್ ಗ್ರಂಥಿಯದು, ಒಳ್ಳೆಯ ಗಂಟಲ್ಲ ಎಂದರು. ಹೈದರಾಬಾದಿಗೆ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸಿದೆವು. ಗಂಟೇನೋ ಹೋಯಿತು, ಜೊತೆಗೆ ಅವ್ವನ ದನಿಯೂ ಹೋಯಿತು. ಓಣಿಯ ತುದಿಗೆ ಕೇಳುವಂತೆ ಕರೆಯುತ್ತಿದ್ದವಳು ಈಗ ಪಿಸುಗುಟ್ಟಿದರೆ ಪಕ್ಕದವರಿಗಷ್ಟೇ ಕೇಳಬೇಕು. ದನಿ ತಿರುಗಿ ಬಂದರೂ ಬಂತು, ಬರದಿದ್ದರೂ ಇಲ್ಲ ಎಂದರು ಡಾಕ್ಟರರು. ಉಳಿದ ಚೂರುಪಾರನ್ನು ಸುಡಲು ಇನ್ನೊಂದು ಔಷಧ ಕೊಡಬೇಕಾಗಿತ್ತು. ನನ್ನ ಮನಸ್ಸು ಎಷ್ಟು ಸಣ್ಣದೆಂದರೆ, ಅವ್ವನ ಜೀವದ ಚಿಂತೆಯ ಪಕ್ಕದಲ್ಲೇ ಈ ಹಳೆಯ ಆಸೆಯೂ ಬಂದು ಕೂತಿತು. ಅವಳ ದನಿ ಹೀಗೆ ಆರಿಹೋದರೆ ನನ್ನ ಹೆಸರು ಅವಳ ಬಾಯಿಂದ ಕೇಳುವುದು ಇನ್ನೆಲ್ಲಿ? ಇದನ್ನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ನಗುತ್ತಿದ್ದರು.

ಔಷಧಕ್ಕೆ ಮುಂಚೆ ಕೆಲವು ವಾರ ಅಯೋಡಿನ್ ಇರುವ ಉಪ್ಪು ಬಿಡಬೇಕೆಂದು ಹೇಳಿ ಕಳಿಸಿದ್ದರು. ಡಬ್ಬಿಗೆ ಚೀಟಿ ಅಂಟಿದ್ದು ಆಗಲೇ. ಅವ್ವ ನಮ್ಮ ಮನೆಯಲ್ಲೇ ಇದ್ದಳು. ರೊಟ್ಟಿ ಬಡಿಯಬೇಡ ಎಂದರೂ ಕೇಳದೆ ಬಡಿಯುತ್ತ ಕೂತಿದ್ದಳು. ಆ ಸಪ್ಪಳದಲ್ಲಿ ಅವಳ ದನಿ ಕೇಳಲು ನಾನು ಹತ್ತಿರ ಸರಿದು ಕೂತೆ.

"ಉಪ್ಪು ಯಾಕ ಬಿಡಬೇಕು? ನನಗೇನು ಬಿಪಿ ಇಲ್ಲ" ಎಂದಳು.

"ಅದರಾಗ ಅಯೋಡಿನ್ ಅಂತ ಇರ್ತದ ಯವ್ವಾ. ನಿನ್ನ ಗಂಟಲಾಗಿನ ಗ್ರಂಥಿಗೆ ಅದರ ಆಸಿ ಭಾಳ. ಉಪವಾಸ ಕೆಡವಿ ಆಮ್ಯಾಲ ಔಷಧ ಕೊಡ್ತಾರ. ಆ ಔಷಧದ ಹೆಸರೂ ಅಯೋಡಿನ್ನೇ."

"ಬಿಡಸೋದೂ ಅದೇ, ಕೊಡೋದೂ ಅದೇ? ಛಲೋ ಡಾಕ್ಟರ್ ಬಿಡು."

"ಹೆಸರು ಒಂದೇ, ತೂಕ ಬ್ಯಾರೆ. ಉಪ್ಪಿನಾಗಿಂದು ನೂರಾ ಇಪ್ಪತ್ತೇಳು. ಔಷಧದ್ದು ನೂರಾ ಮೂವತ್ತೊಂದು. ಅದು ಸುಮ್ನ ಇರ್ತದ, ಇದು ಒಳಗ ಹೋಗಿ ಕೆಟ್ಟದ್ದನ್ನ ಸುಡ್ತದ."

"ಗ್ರಂಥಿಗೆ ಆ ಫರಕ ತಿಳಿಯಂಗಿಲ್ಲೇನು?"

"ಇಲ್ಲ. ಅದು ಹೆಸರು ಕೇಳಿ ಬಾಗಲಾ ತೆಗೀತದ, ತೂಕ ನೋಡಂಗಿಲ್ಲ."

ಅವ್ವನ ಕೈ ನಿಂತಿತು. ಅರ್ಧ ಬಡಿದ ರೊಟ್ಟಿಯ ಮೇಲೆ ಅಂಗೈ ಇಟ್ಟುಕೊಂಡೇ ಕೇಳಿದಳು, "ಮತ್ತ ಡಾಕ್ಟರಿಗೆ ಹ್ಯಾಂಗ ತಿಳೀತದ, ಯಾವದು ಯಾವದು ಅಂತ?"

"ಹೆಸರಿನ ಬಾಜೂಕ ಅಂಕಿ ಬರೀತಾರ. ಬಾಯಿಲೆ ಅನ್ನೋದಿದ್ರ ಹೆಸರು ಹೇಳಿ ಅಂಕಿ ಹೇಳೋದು. ಅಯೋಡಿನ್ ನೂರಾ ಮೂವತ್ತೊಂದು, ಹಿಂಗ."

"ಹಂಗಂದ್ರ ಇನ್ನೊಂದಕ್ಕ ಹತ್ತಂಗಿಲ್ಲ?"

"ಏನು ಹತ್ತೋದು? ಏನು ತಾಗೋದು?"

"ಕರದದ್ದು."

"ಇಲ್ಲ ಯವ್ವಾ. ಅಂಕಿ ಹಚ್ಚಿ ಕರದ್ರ ಅದೊಂದಕ್ಕೇ."

ಅವ್ವ ಮತ್ತೆ ರೊಟ್ಟಿ ಬಡಿಯತೊಡಗಿದಳು. ಇಷ್ಟು ವರ್ಷ ಪಾಠ ಮಾಡಿದ್ದರಲ್ಲಿ ಇಂಥ ಪ್ರಶ್ನೆಯನ್ನು ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ ಎಂದು ನಾನು ಹಿಗ್ಗಿದೆ. ಪ್ರಶ್ನೆ ಯಾಕೆ ಬಂತು ಎಂದು ಯೋಚಿಸುವಷ್ಟು ಬುದ್ಧಿ ಮಾತ್ರ ನನಗಿರಲಿಲ್ಲ, ಟೀಚರುಗಳ ಹಣೆಬರಹವೇ ಇಷ್ಟು.

ಔಷಧ ಕೊಟ್ಟ ಮೇಲೆ ಅವ್ವ ಒಬ್ಬಳೇ ಇರಬೇಕಾಗಿತ್ತು. ಆ ಮಾತ್ರೆ ನುಂಗಿದವರ ಮೈಯಿಂದ ಕೆಲವು ದಿನ ಕಿರಣ ಹೊಮ್ಮುತ್ತವೆ, ಯಾರೂ ಹತ್ತಿರ ಹೋಗುವ ಹಾಗಿಲ್ಲ. ಇದನ್ನು ಅವಳಿಗೆ ಹೇಗೆ ಹೇಳುವುದೋ ಎಂದು ಹೈದರಾಬಾದಿನ ದಾರಿಯುದ್ದಕ್ಕೂ ಒದ್ದಾಡಿದೆ. ಹೇಳಿದಾಗ ಅವ್ವ, "ಬಾಣಂತಿ ಖೋಲಿ ಇದ್ದಂಗ ಅನ್ನು. ಕೂಸೊಂದು ಇರಂಗಿಲ್ಲ, ಅಷ್ಟೇ" ಎಂದಳು. ಸೀಸದ ಡಬ್ಬಿಯಲ್ಲಿ ಬಂದ ಪುಟ್ಟ ಮಾತ್ರೆಯನ್ನು ನೋಡಿ, ಇಷ್ಟೇನಾ ಎಂಬಂತೆ ನನ್ನ ಕಡೆ ತಿರುಗಿದಳು. ಅಷ್ಟರಲ್ಲಿ ನನ್ನನ್ನು ಹೊರಗೆ ಕಳಿಸಿ ದಪ್ಪನೆಯ ಬಾಗಿಲು ಹಾಕಿಕೊಂಡರು.

ಹೊರಗಿನ ಪಡಸಾಲೆಯಲ್ಲಿ ಬೆಂಚುಗಳು, ಬೆಂಚಿನ ತುಂಬ ನನ್ನ ಹಾಗೆ ಬಾಗಿಲು ನೋಡುತ್ತ ಕೂತವರು. ಒಳಗಿನವರು ಮಾತಾಡಬೇಕೆಂದರೆ ಗೋಡೆಯ ಫೋನು ಎತ್ತಬೇಕು, ಅದು ನರ್ಸಿನ ಮೇಜಿಗೆ ಬರುತ್ತದೆ, ನರ್ಸು ಬಂದು ನಮ್ಮನ್ನು ಕರೆಯುತ್ತಾಳೆ. ಮೊದಲ ದಿನ ಅವ್ವನಿಂದ ಏನೂ ಬರಲಿಲ್ಲ. ಚೆನ್ನಾಗಿದ್ದಾರೆ ಎಂದು ನರ್ಸು ಹೇಳುತ್ತಿದ್ದಳು, ನನಗೆ ನೆಮ್ಮದಿಯಿಲ್ಲ. ದನಿ ಪೂರ್ತಿ ನಿಂತಿತೋ, ಫೋನು ಬಳಸಲು ತಿಳಿಯಲಿಲ್ಲವೋ ಎಂದು ಕೂತಲ್ಲೇ ಬೆಂದೆ. ಜೀವಮಾನವೆಲ್ಲ ಪುಸ್ತಕದಲ್ಲಿ ಬರೆಸಿದ ಆ ಸಂಕೇತ ಈಗ ಅವ್ವನ ಗಂಟಲೊಳಗೆ ಕೆಲಸ ಮಾಡುತ್ತಿದೆ ಎಂದು ನೆನೆದರೆ ಭಯವಾಗುತ್ತಿತ್ತು.

ಮರುದಿನ ಬೆಳಗ್ಗೆ ನರ್ಸು ಬಂದಳು. ಗುರುಮಠಕಲ್ ಕಡೆಯ ಹುಡುಗಿ, ಅವಳ ಕನ್ನಡದಲ್ಲಿ ಅರ್ಧ ತೆಲುಗು. ಪಡಸಾಲೆಯ ನಡುವೆ ನಿಂತು ಎಲ್ಲರ ಮುಖ ನೋಡುತ್ತ, "ಇಲ್ಲಿ ನೀಲಮ್ಮ ಎರಡು ಯಾರಂಡಿ?" ಎಂದು ಕೇಳಿದಳು.

ಯಾರೂ ಏಳಲಿಲ್ಲ. ನಾನೂ ಪಕ್ಕದವರ ಮುಖ ನೋಡಿದೆ.

"ನೀಲಮ್ಮ ಎರಡು. ಒಳಗಿನ ಅಮ್ಮ ಕರೀತಿದಾರೆ. ಒಂದು ಅಲ್ಲವಂತೆ, ಎರಡೇ ಬೇಕಂತೆ."

ತರಗತಿಯಲ್ಲಿ ಹಾಜರಿ ಹೇಳುವ ಹುಡುಗಿಯ ಹಾಗೆ ಕೈ ಎತ್ತಿ, "ನಾನ್ರಿ" ಎಂದೆ. ಕಣ್ಣೀರು ಧಾರಾಕಾರ ಸುರಿಯುತ್ತಿತ್ತು. ಬೆಂಚಿನವರು ಏನೋ ಕೆಟ್ಟ ಸುದ್ದಿ ಎಂದುಕೊಂಡು ದಾರಿ ಬಿಟ್ಟರು.

ಫೋನಿನಲ್ಲಿ ಅವ್ವನ ದನಿ ಎಳೆಯಷ್ಟೇ ಸಣ್ಣಗಿತ್ತು, ಆದರೆ ಇತ್ತು. "ಸಣ್ಣಾಕಿ, ಉಂಡೇನು?"

"ಉಣ್ತೀನಿ. ನರ್ಸಮ್ಮಗ ಏನಂತ ಹೇಳಿ ಕರಿಸಿದಿ ಯವ್ವಾ?"

ಅವ್ವ ಒಮ್ಮೆ ಕೆಮ್ಮಿ ಗಂಟಲು ಸರಿಮಾಡಿಕೊಂಡಳು.

"ಆಕಿಗೆ ತಿಳೀಬೇಕಲ್ಲ. ಹೆಸರು ಹೇಳ್ರಿ ಅಂದಳು. ಅದಕ್ಕ ನೀ ಹೇಳಿಕೊಟ್ಟಂಗ ಅಂದೆ. ಒಂದು ಅತ್ಯಾರಿಗೇ ಬಿಟ್ಟೀನಿ." ಮತ್ತೆ ತಡೆದು, ಇನ್ನೂ ಸಣ್ಣ ದನಿಯಲ್ಲಿ ಕೇಳಿದಳು, "ಅವರಿಗೆ ಹತ್ತಿಲ್ಲಲ್ಲ?"

"ಇಲ್ಲ ಯವ್ವಾ," ಎಂದೆ. "ನನಗೊಬ್ಬಾಕಿಗೇ ಹತ್ತೇದ."